ಕಿಲ್ವಾ ಕಿಸಿವಾನಿ: ಹವಳದ ಕಲ್ಲಿನ ಊರಿಗೆ ಹೊರಡುವವರಿಗೆ

ತಾಂಜಾನಿಯಾಕ್ಕೆ ಹೋಗುವ ನಮ್ಮವರಲ್ಲಿ ಹೆಚ್ಚಿನವರು ಸೆರೆಂಗೆಟಿಯ ಸಿಂಹ ನೋಡಿ, ಜಾಂಜಿಬಾರಿನ ಮರಳಿನಲ್ಲಿ ಒಂದೆರಡು ದಿನ ಕಳೆದು ವಾಪಸು ವಿಮಾನ ಹತ್ತುತ್ತಾರೆ. ದಕ್ಷಿಣ ಕರಾವಳಿಯತ್ತ ತಲೆ ಹಾಕುವವರು ಕಡಿಮೆ. ದಾರ್ ಎಸ್ ಸಲಾಮ್‌ನಿಂದ ಸುಮಾರು 300 ಕಿ.ಮೀ. ದೂರದಲ್ಲಿ, ದಡದ ಎದುರಿಗೇ ಇರುವ ಒಂದು ದ್ವೀಪದಲ್ಲಿ, ಒಂದು ಕಾಲಕ್ಕೆ ಆಫ್ರಿಕಾದ ಚಿನ್ನವನ್ನು ಹಿಂದೂ ಮಹಾಸಾಗರಕ್ಕೆಲ್ಲ ಹಂಚುತ್ತಿದ್ದ ಸ್ವಾಹಿಲಿ ಪಟ್ಟಣದ ಅವಶೇಷಗಳಿವೆ. ಅದೇ ಕಿಲ್ವಾ ಕಿಸಿವಾನಿ. ಪಕ್ಕದ ಸೊಂಗೊ ಮ್ನಾರ ದ್ವೀಪದೊಂದಿಗೆ ಅದು 1981ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಕಿಲ್ವಾ ತಾನಾಗಿ ಬಾಯಿ ಬಿಡುವ ಜಾಗವಲ್ಲ. ಬಣ್ಣದ ಫಲಕಗಳು, ಬೆಳಕಿನ ಪ್ರದರ್ಶನ, ಕಿವಿಗೆ ಹಾಕಿಕೊಳ್ಳುವ ಧ್ವನಿ ಮಾರ್ಗದರ್ಶಿ ಇವೆಲ್ಲವನ್ನು ನಿರೀಕ್ಷಿಸಿ ಹೋಗಬೇಡಿ. ತಯಾರಿಯಿಲ್ಲದೆ ಹೋದವರಿಗೆ ಒಂದು ಗಂಟೆ ಕಳೆಯುವಷ್ಟರಲ್ಲಿ ಎಲ್ಲ ಗೋಡೆಗಳೂ ಒಂದೇ ಆಗಿ ಕಾಣತೊಡಗುತ್ತವೆ. ಬಿಸಿಲು ನೆತ್ತಿಗೇರುತ್ತದೆ, ದೋಣಿ ಎಲ್ಲಿದೆ ಎಂದು ಕಣ್ಣು ಹುಡುಕುತ್ತದೆ. ಸ್ವಲ್ಪ ತಿಳಿದುಕೊಂಡು ಹೋದವರಿಗೆ ಮಾತ್ರ ಒಂದು ದಿನ ಸಾಲದು. ಆದ್ದರಿಂದ ಇಲ್ಲಿ ಬಸ್ಸು, ದೋಣಿಗಳ ವಿವರಕ್ಕಿಂತ ಏನನ್ನು, ಯಾವ ಕ್ರಮದಲ್ಲಿ, ಹೇಗೆ ನೋಡಬೇಕೆಂಬುದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲ ಹಂತ: ಮನೆಯಲ್ಲೇ ಮಾಡಬೇಕಾದ ಪಾಠ

ಊರು ಅಲ್ಲೇ ಏಕೆ ಹುಟ್ಟಿತು ಎಂಬುದರಿಂದ ಶುರು ಮಾಡಿ. ಉತ್ತರ ಗಾಳಿಯಲ್ಲಿದೆ. ಸರಿಸುಮಾರು ನವೆಂಬರಿನಿಂದ ಮಾರ್ಚಿಯವರೆಗೆ ಈ ಕರಾವಳಿಯಲ್ಲಿ ಈಶಾನ್ಯದಿಂದ ಗಾಳಿ ಬೀಸುತ್ತದೆ. ಸ್ವಾಹಿಲಿಯವರು ಅದನ್ನು ಕಸ್ಕಾಜಿ ಎನ್ನುತ್ತಾರೆ. ಏಪ್ರಿಲಿನಿಂದ ಅದು ತಿರುಗಿ ದಕ್ಷಿಣದಿಂದ ಬೀಸತೊಡಗುತ್ತದೆ, ಅದು ಕುಸಿ. ಈ ಕುಸಿಯೇ ಭೂಮಧ್ಯರೇಖೆ ದಾಟಿ ದಿಕ್ಕು ಹೊರಳಿಸಿ ನಮ್ಮ ಕರಾವಳಿಗೆ ಮುಂಗಾರು ಹೊತ್ತು ತರುತ್ತದೆ. ಗುಜರಾತಿನ ಖಂಭಾತದಿಂದಲೋ ಅರಬ್ ಕರಾವಳಿಯಿಂದಲೋ ಹೊರಟ ಹಾಯಿಹಡಗು ಕಸ್ಕಾಜಿಯಲ್ಲಿ ಬಂದು, ಮುಂದಿನ ಕುಸಿಯಲ್ಲಿ ಮನೆ ಸೇರಬೇಕೆಂದರೆ ದಕ್ಷಿಣದಲ್ಲಿ ಹೆಚ್ಚೆಂದರೆ ಕಿಲ್ವಾದವರೆಗೆ ಬರಬಹುದಿತ್ತು. ಚಿನ್ನ ಬರುತ್ತಿದ್ದುದೋ ಇನ್ನೂ ದಕ್ಷಿಣದ ಸೊಫಾಲಾ ಬಂದರಿನಿಂದ, ಅಂದರೆ ಇಂದಿನ ಮೊಜಾಂಬಿಕ್‌ನಿಂದ. ಅದು ಸಿಗುತ್ತಿದ್ದುದು ಜಿಂಬಾಬ್ವೆಯ ಪ್ರಸ್ಥಭೂಮಿಯಲ್ಲಿ. ಈ ಎರಡರ ನಡುವಿನ ದೂರವನ್ನು ಕಿಲ್ವಾದವರು ತಮ್ಮ ಹಡಗುಗಳಿಂದ ತುಂಬಿಕೊಟ್ಟರು. ಚಿನ್ನ, ದಂತ ಅತ್ತ ಹೋದವು. ಗುಜರಾತಿನ ಹತ್ತಿಬಟ್ಟೆ, ಗಾಜಿನ ಮಣಿ, ಚೀನಾದ ಪಿಂಗಾಣಿ ಇತ್ತ ಬಂದವು. ಎರಡೂ ಕಡೆ ಸುಂಕ ಕಿಲ್ವಾಕ್ಕೆ.

ಊರಿನ ಹುಟ್ಟಿನ ಬಗ್ಗೆ ಕಿಲ್ವಾದ ಅರಸರ ಹಳೆಯ ವೃತ್ತಾಂತದಲ್ಲಿ ಒಂದು ಸೊಗಸಾದ ಕಥೆಯಿದೆ. ಪರ್ಷಿಯಾದ ಶಿರಾಜಿನಿಂದ ಬಂದ ಅಲಿ ಎಂಬ ರಾಜಕುಮಾರ ದ್ವೀಪದ ಸುತ್ತ ಹಾಸುವಷ್ಟು ಬಟ್ಟೆ ಕೊಟ್ಟು ಅಲ್ಲಿಯ ದೊರೆಯಿಂದ ದ್ವೀಪವನ್ನು ಕೊಂಡನಂತೆ. ಕಥೆ ಕಥೆಯೇ, ಅಗೆತದಲ್ಲಿ ಕಂಡಂತೆ ಇಲ್ಲಿ ಜನವಸತಿ ಅದಕ್ಕಿಂತ ಮೊದಲೇ, ಸುಮಾರು 9ನೇ ಶತಮಾನದಲ್ಲೇ ಇತ್ತು. ಆದರೆ ಕಥೆಯನ್ನು ಪೂರಾ ತಳ್ಳಿಹಾಕುವಂತೆಯೂ ಇಲ್ಲ. ಈ ಕರಾವಳಿಯ ಹಳೆಯ ಗೋರಿಗಳಲ್ಲಿ ಸಿಕ್ಕ ಅಸ್ಥಿಗಳ ಡಿಎನ್‌ಎ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ತಾಯಿಯ ಕಡೆಯಿಂದ ಬಹುಪಾಲು ಆಫ್ರಿಕಾ ಮೂಲ, ತಂದೆಯ ಕಡೆಯಿಂದ ಗಣನೀಯವಾಗಿ ಪರ್ಷಿಯಾ ಮೂಲ ಎಂದು ಅದು ತೋರಿಸಿತು. ಈ ಬೆರಕೆ ಕ್ರಿ.ಶ. 1000ದ ಹೊತ್ತಿಗೆ ಶುರುವಾಗಿತ್ತು. ಅಷ್ಟಾದರೂ ಭಾಷೆ, ಅಡುಗೆ, ಮಡಕೆ, ಮನೆಯ ರೀತಿ ಎಲ್ಲ ಈ ನೆಲದವೇ. ಅರಬರು ಕಟ್ಟಿದ ಊರು ಎಂದು ಒಂದೇ ಏಟಿಗೆ ಹೇಳುವ ಹಳೆಯ ಪುಸ್ತಕಗಳನ್ನು ಅನುಮಾನದಿಂದಲೇ ಓದಿ.

ಎರಡು ವರ್ಷಗಳನ್ನು ನೆನಪಿಟ್ಟುಕೊಂಡರೆ ದ್ವೀಪದಲ್ಲಿ ದಾರಿ ತಪ್ಪುವುದಿಲ್ಲ. 1331ರಲ್ಲಿ ಮೊರೊಕ್ಕೊದ ಯಾತ್ರಿಕ ಇಬ್ನ್ ಬತೂತ ಇಲ್ಲಿಗೆ ಬಂದ. ಆಗ ಆಳುತ್ತಿದ್ದವನು ಸುಲ್ತಾನ ಅಲ್-ಹಸನ್ ಇಬ್ನ್ ಸುಲೈಮಾನ್; ಕೊಡುಗೈಯವನೆಂದು ಜನರಿಂದ ಬಿರುದು ಪಡೆದವನು. ಇದೇ ಇಬ್ನ್ ಬತೂತ ಹತ್ತು ವರ್ಷಗಳ ನಂತರ ನಮ್ಮ ಹೊನ್ನಾವರಕ್ಕೂ ಬಂದು, ಅಲ್ಲಿ ಹೆಣ್ಣುಮಕ್ಕಳು ಕುರಾನನ್ನು ಬಾಯಿಪಾಠ ಹೇಳುವುದನ್ನು ಕಂಡು ಬೆರಗಾಗಿ ಬರೆದ. ಎರಡನೆಯದು 1505. ಪೋರ್ಚುಗಲ್ಲಿನ ಮೊದಲ ವೈಸರಾಯ್ ಫ್ರಾನ್ಸಿಸ್ಕೊ ದ ಅಲ್ಮೇಡಾ ಆ ಜುಲೈಯಲ್ಲಿ ಕಿಲ್ವಾವನ್ನು ಸೂರೆ ಮಾಡಿ ಕೋಟೆ ಕಟ್ಟಿಸಿದ. ಅಲ್ಲಿಂದ ಹೊರಟ ಅದೇ ದಂಡು ಸೆಪ್ಟೆಂಬರಿನಲ್ಲಿ ಕಾರವಾರದ ಎದುರಿನ ಅಂಜದೀವಿಗೆ ಬಂದು ಅಲ್ಲೂ ಕೋಟೆಗೆ ಕಲ್ಲು ಹಾಕಿತು. ಅಕ್ಟೋಬರಿನಲ್ಲಿ ಹೊನ್ನಾವರದ ಮೇಲೆ ಬಿದ್ದು ಹಡಗುಗಳನ್ನು ಸುಟ್ಟಿತು. ಉತ್ತರ ಕನ್ನಡದವರು ಕಿಲ್ವಾದ ದಡದಲ್ಲಿ ನಿಂತಾಗ ಇದೊಂದು ಮನಸ್ಸಿನಲ್ಲಿದ್ದರೆ ಆ ಊರು ಅಷ್ಟೊಂದು ಪರದೇಶವೆನಿಸುವುದಿಲ್ಲ.

ಸೊಗಸಿನ ಜೊತೆ ಕಹಿಯೂ ಗೊತ್ತಿರಲಿ. 18ನೇ ಶತಮಾನದಲ್ಲಿ ಕಿಲ್ವಾ ಮತ್ತೆ ಚೇತರಿಸಿಕೊಂಡಿತು, ಆದರೆ ಈ ಸಲ ಗುಲಾಮರ ವ್ಯಾಪಾರದಿಂದ. 1776ರಲ್ಲಿ ಮೊರೀಸ್ ಎಂಬ ಫ್ರೆಂಚ್ ವ್ಯಾಪಾರಿ ವರ್ಷಕ್ಕೆ ಸಾವಿರ ಗುಲಾಮರನ್ನು ಒದಗಿಸುವಂತೆ ಇಲ್ಲಿಯ ಸುಲ್ತಾನನೊಡನೆ ಒಪ್ಪಂದ ಮಾಡಿಕೊಂಡ. ನೀವು ನೋಡುವ ಕಟ್ಟಡಗಳಲ್ಲಿ ಎರಡು ಆ ಕಾಲದವು.

ಕಾಲ, ಕಾಗದಪತ್ರ, ಗಂಟುಮೂಟೆ

ಜೂನ್‌ನಿಂದ ಅಕ್ಟೋಬರಿನವರೆಗೆ ಒಣಹವೆ, ಹಿತವಾದ ಗಾಳಿ. ಮಾರ್ಚಿಯಿಂದ ಮೇವರೆಗೆ ದೊಡ್ಡ ಮಳೆ, ಆಗ ಹೋಗಬೇಡಿ. ದಾರ್‌ನಿಂದ ದಕ್ಷಿಣಕ್ಕೆ ಇರುವುದು ಒಂದೇ ಹೆದ್ದಾರಿ. 2024ರ ಮೇ ತಿಂಗಳಲ್ಲಿ ಹಿದಾಯಾ ಚಂಡಮಾರುತದ ಮಳೆಗೆ ಅದು ಹಲವೆಡೆ ಕೊಚ್ಚಿಹೋಗಿ, ಇನ್ನೂ ದಕ್ಷಿಣದ ಲಿಂಡಿ, ಮ್ತ್ವಾರ ಪಟ್ಟಣಗಳ ಕಡೆಯವರೆಲ್ಲ ದಿನಗಟ್ಟಲೆ ಸಿಕ್ಕಿಹಾಕಿಕೊಂಡಿದ್ದರು.

ಬೆಂಗಳೂರಿನಿಂದಾದರೆ ಅಡಿಸ್ ಅಬಾಬಾ, ದೋಹಾ ಅಥವಾ ದುಬೈ ಮೂಲಕ ದಾರ್ ತಲುಪಬಹುದು. ತಾಂಜಾನಿಯಾದ ವೀಸಾಕ್ಕೆ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ಸರ್ಕಾರಿ ಜಾಲತಾಣದಲ್ಲೇ ಹಾಕಿ, ಅದರಂತೆಯೇ ಕಾಣುವ ದಲ್ಲಾಳಿ ತಾಣಗಳಿಂದ ದೂರವಿರಿ. ಇಥಿಯೋಪಿಯಾ, ಕೀನ್ಯಾಗಳ ಮೂಲಕ ಹೋಗುವವರಿಗೆ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರದ ಪ್ರಶ್ನೆ ಹೋಗುವಾಗಲೂ ಬರುವಾಗಲೂ ಎದುರಾಗಬಹುದು. ಲಸಿಕೆ ಹಾಕಿಸಿಕೊಂಡ ಹತ್ತು ದಿನಗಳ ನಂತರವಷ್ಟೇ ಪ್ರಮಾಣಪತ್ರ ಊರ್ಜಿತವಾಗುವುದರಿಂದ ಕೊನೆಯ ವಾರಕ್ಕೆ ಇಟ್ಟುಕೊಳ್ಳಬೇಡಿ. ಕಿಲ್ವಾ ಮಲೇರಿಯಾದ ಸೀಮೆ. ಮಾತ್ರೆಯ ವಿಷಯವನ್ನು ವೈದ್ಯರಲ್ಲಿ ಕೇಳಿಯೇ ಹೊರಡಿ.

ಚೀಲದಲ್ಲಿ ಇರಬೇಕಾದದ್ದು: ಹಿಮ್ಮಡಿಗೆ ಪಟ್ಟಿಯಿರುವ ರಬ್ಬರ್ ಚಪ್ಪಲಿ (ಏಕೆಂದು ಮುಂದೆ ಹೇಳುತ್ತೇನೆ), ಮೊಣಕಾಲು ಮುಚ್ಚುವ ಹಗುರ ಹತ್ತಿ ಬಟ್ಟೆ, ಟೋಪಿ, ಸಣ್ಣ ಟಾರ್ಚು, ಮೊಬೈಲಿಗೆ ನೀರು ತಾಗದಂಥ ಚೀಲ, ಬ್ರಿಟಿಷ್ ಮಾದರಿಯ ಚೌಕ ಮುಳ್ಳುಗಳ ಪ್ಲಗ್ಗು. ಪ್ಲಾಸ್ಟಿಕ್ ಕೈಚೀಲಗಳು 2019ರಿಂದ ಆ ದೇಶದಲ್ಲಿ ನಿಷಿದ್ಧ. ವಿಮಾನ ನಿಲ್ದಾಣದಲ್ಲೇ ತೆಗೆಸುತ್ತಾರೆ. ಡ್ರೋನ್ ಹಾರಿಸಲು ಪ್ರತ್ಯೇಕ ಅನುಮತಿ ಬೇಕು. ಅದನ್ನು ಮನೆಯಲ್ಲೇ ಬಿಡುವುದು ಲೇಸು.

ದಾರ್‌ನಲ್ಲಿ ಅರ್ಧ ದಿನ

ಇಳಿದ ತಕ್ಷಣ ಬಸ್ಸು ಹಿಡಿಯಬೇಡಿ. ದಾರ್ ಎಸ್ ಸಲಾಮ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಕಿಲ್ವಾದಲ್ಲಿ ದೊರೆತ ವಸ್ತುಗಳಿವೆ. ಅವನ್ನು ಮೊದಲು ನೋಡಿ. ದ್ವೀಪದಲ್ಲಿ ಸಿಗುವುದು ಖಾಲಿ ಕೋಣೆಗಳು, ಅವುಗಳಲ್ಲಿ ಬಳಕೆಯಾಗುತ್ತಿದ್ದ ಸಾಮಾನು ಇಲ್ಲಿದೆ. 1960ರ ದಶಕದಲ್ಲಿ ಬ್ರಿಟಿಷ್ ಪುರಾತತ್ವಜ್ಞ ನೆವಿಲ್ ಚಿಟ್ಟಿಕ್ ದ್ವೀಪದಲ್ಲಿ ವರ್ಷಗಟ್ಟಲೆ ಅಗೆತ ನಡೆಸಿದರು. ಕಿಲ್ವಾದ ಕಟ್ಟಡಗಳ ಕಾಲನಿರ್ಣಯಕ್ಕೆ ಇಂದಿಗೂ ಆಧಾರ ಅವರ ಕೆಲಸವೇ.

ಕಿಲ್ವಾದ ನಾಣ್ಯಗಳ ಬಗ್ಗೆಯೂ ತಿಳಿದಿರಿ. ಸುಲ್ತಾನರು ತಮ್ಮ ಹೆಸರಿನಲ್ಲಿ ತಾಮ್ರದ ಪುಟ್ಟ ನಾಣ್ಯಗಳನ್ನು ಟಂಕಿಸುತ್ತಿದ್ದರು. ಒಂದು ಮುಖದ ಅರಬಿ ಸಾಲಿಗೂ ಇನ್ನೊಂದು ಮುಖದ ಸಾಲಿಗೂ ಪ್ರಾಸ ಹೊಂದುತ್ತದೆ. ನಾಣ್ಯ ತಿರುಗಿಸಿದರೆ ಪದ್ಯ ಮುಗಿಯುತ್ತದೆ. ಅಲ್-ಹಸನ್ ಇಬ್ನ್ ಸುಲೈಮಾನನ ಒಂದು ನಾಣ್ಯ ಒಳನಾಡಿನ ಹಳೆಯ ಕಲ್ಲಿನ ನಗರ ಗ್ರೇಟ್ ಜಿಂಬಾಬ್ವೆಯಲ್ಲಿ ಸಿಕ್ಕಿದೆ. ಅದಾದರೂ ಅರ್ಥವಾಗುತ್ತದೆ, ಚಿನ್ನ ಬಂದ ದಾರಿಯಲ್ಲೇ ನಾಣ್ಯ ಹೋಗಿದೆ. ಆದರೆ 1944ರಲ್ಲಿ ಆಸ್ಟ್ರೇಲಿಯಾದ ಉತ್ತರ ತುದಿಯ ವೆಸ್ಸೆಲ್ ದ್ವೀಪಗಳ ಮರಳಿನಲ್ಲಿ ಒಬ್ಬ ಸೈನಿಕನಿಗೆ ಕಿಲ್ವಾದ ನಾಣ್ಯಗಳು ಸಿಕ್ಕವು. ಅಲ್ಲಿಗೆ ಅವು ಹೇಗೆ ಹೋದವೆಂಬುದು ಇನ್ನೂ ಬಗೆಹರಿದಿಲ್ಲ.

ದಾರ್‌ನಿಂದ ಮಸೋಕೊಗೆ

ಕಿಲ್ವಾ ಎಂಬ ಹೆಸರಿನಲ್ಲಿ ಮೂರು ಊರುಗಳಿವೆ, ಗೊಂದಲ ಮಾಡಿಕೊಳ್ಳಬೇಡಿ. ಕಿಸಿವಾನಿ ದ್ವೀಪದಲ್ಲಿದೆ, ಹಾಳುಗಳಿರುವುದು ಅಲ್ಲಿ. ಮಸೋಕೊ ಎದುರು ದಡದ ಪೇಟೆ. ತಂಗುವುದು, ಊಟ, ಅನುಮತಿ, ದೋಣಿ ಎಲ್ಲ ಅಲ್ಲಿ. ಕಿವಿಂಜೆ ಉತ್ತರಕ್ಕಿರುವ 19ನೇ ಶತಮಾನದ ಬಂದರು. ಟಿಕೆಟ್ ಕೊಳ್ಳುವಾಗ ಬರೇ ಕಿಲ್ವಾ ಎನ್ನದೆ ಕಿಲ್ವಾ ಮಸೋಕೊ ಎಂದೇ ಹೇಳಿ.

ಬಸ್ಸುಗಳು ಬೆಳಗ್ಗೆ ಬೇಗ ಹೊರಡುತ್ತವೆ. ಐದಾರು ಗಂಟೆಗಳ ಪ್ರಯಾಣ. ದಾರಿಯಲ್ಲಿ ರುಫಿಜಿ ನದಿಗೆ 2003ರಲ್ಲಿ ತೆರೆದ ಎಂಕಾಪಾ ಸೇತುವೆ ಸಿಗುತ್ತದೆ. ಅದಕ್ಕೂ ಮೊದಲು ಇಲ್ಲಿ ಕಡವು ಕಾಯುವುದರಲ್ಲೇ ದಿನ ಕಳೆಯುತ್ತಿತ್ತು, ಮಳೆಗಾಲದಲ್ಲಿ ದಕ್ಷಿಣದ ಜಿಲ್ಲೆಗಳು ದಾರ್‌ಗೆ ದೂರವಾಗಿಯೇ ಉಳಿದಿದ್ದವು. ನಂಗುರುಕುರು ಎಂಬ ಕವಲಿನಲ್ಲಿ ಹೆದ್ದಾರಿ ಲಿಂಡಿಯತ್ತ ಹೋಗುತ್ತದೆ, ನಿಮ್ಮ ಬಸ್ಸು ಎಡಕ್ಕೆ ಹೊರಳುತ್ತದೆ. ಲಿಂಡಿ, ಮ್ತ್ವಾರಗಳಿಗೆ ಹೋಗುವ ಬಸ್ಸು ಹತ್ತಿದ್ದರೆ ಈ ಕವಲಿನಲ್ಲೇ ಇಳಿದು ಬೇರೆ ಗಾಡಿ ಹಿಡಿಯಬೇಕು.

ಸಸ್ಯಾಹಾರಿಗಳು ಹೆದರಬೇಕಾಗಿಲ್ಲ. ವಾಲಿ ನಾ ಮಹರಾಗೆ ಎಂದರೆ ಅನ್ನ ಮತ್ತು ತೆಂಗಿನಹಾಲಿನಲ್ಲಿ ಬೇಯಿಸಿದ ಹುರುಳಿಕಾಯಿ ಬೀಜದ ಸಾರು. ಕರಾವಳಿಯ ನಾಲಗೆಗೆ ಒಗ್ಗುವಂಥದ್ದು. ಚಪಾತಿಯನ್ನು ಅಲ್ಲಿಯೂ ಚಪಾತಿ ಎಂದೇ ಕರೆಯುತ್ತಾರೆ, ಎಣ್ಣೆ ಸ್ವಲ್ಪ ಧಾರಾಳ. ಮೀನು ತಿನ್ನುವವರಿಗಂತೂ ಹಬ್ಬ. ರಂಜಾನ್ ತಿಂಗಳಲ್ಲಿ ಹಗಲು ಹೋಟೆಲುಗಳು ಮುಚ್ಚಿರುತ್ತವೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ನಗದನ್ನು ದಾರ್‌ನಲ್ಲೇ ತಾಂಜಾನಿಯಾ ಶಿಲ್ಲಿಂಗಿಗೆ ಬದಲಾಯಿಸಿಕೊಂಡಿರಿ; ದೋಣಿಯವನಿಗೆ ಕಾರ್ಡು ತೋರಿಸಿ ಪ್ರಯೋಜನವಿಲ್ಲ.

ಅನುಮತಿ, ಜೊತೆಗಾರ, ಕಡಲು

ದ್ವೀಪಕ್ಕೆ ನೇರವಾಗಿ ಹೋಗುವಂತಿಲ್ಲ. ಮಸೋಕೊದ ಸರ್ಕಾರಿ ಕಚೇರಿಯಲ್ಲಿ ಶುಲ್ಕ ಕಟ್ಟಿ ಅನುಮತಿ ಚೀಟಿ ಪಡೆಯಬೇಕು, ಸ್ಥಳೀಯ ಮಾರ್ಗದರ್ಶಿಯನ್ನು ಜೊತೆಗೆ ಕರೆದುಕೊಳ್ಳಬೇಕು. ಬಂದ ದಿನ ಮಧ್ಯಾಹ್ನವೇ ಈ ಕೆಲಸ ಮುಗಿಸಿಬಿಡಿ. ಮಾರ್ಗದರ್ಶಿಯನ್ನು ಭೇಟಿಯಾದಾಗ ಮೂರು ವಿಷಯ ಮೊದಲೇ ಮಾತಾಡಿಕೊಳ್ಳಿ: ದೂರದ ದಿಬ್ಬದ ಮೇಲಿನ ಹುಸುನಿ ಕುಬ್ವಾ ಅರಮನೆಯನ್ನೂ ನೋಡಬೇಕು, ಅವಸರವಿಲ್ಲ, ದೋಣಿಯ ಬಾಡಿಗೆ ಹೋಗಿಬರುವುದಕ್ಕೆ ಒಟ್ಟು ಎಷ್ಟು. ಮೊದಲನೆಯದನ್ನು ಹೇಳದಿದ್ದರೆ ದಡದ ಬಳಿಯ ನಾಲ್ಕು ಕಟ್ಟಡ ತೋರಿಸಿ ಮಧ್ಯಾಹ್ನದೊಳಗೆ ಮರಳಿ ತಂದುಬಿಡುವ ಸಂಭವವಿದೆ.

ದಿನದ ವೇಳಾಪಟ್ಟಿಯನ್ನು ಬರೆಯುವುದು ನೀವಲ್ಲ, ಕಡಲು. ಇಲ್ಲಿ ಭರತ ಇಳಿತಗಳ ನಡುವಿನ ವ್ಯತ್ಯಾಸ ದೊಡ್ಡದು. ಇಳಿತದ ಹೊತ್ತಿಗೆ ನೀರು ದಡ ಬಿಟ್ಟು ಬಹುದೂರ ಸರಿಯುತ್ತದೆ. ಆಗ ದೋಣಿಯಿಂದ ಮೊಣಕಾಲು ನೀರಿಗಿಳಿದು ಕೆಸರು, ಹವಳದ ಚೂಪು, ಕಡಲಮುಳ್ಳುಗಳ ಮೇಲೆ ನಡೆಯಬೇಕು. ಪಟ್ಟಿಯಿರುವ ಚಪ್ಪಲಿ ಬೇಕೆಂದದ್ದು ಇದಕ್ಕೆ. ಬೂಟು ಕಳಚುತ್ತಾ ಕಟ್ಟುತ್ತಾ ಕೂರುವವರನ್ನು ಕಂಡು ದೋಣಿಯವರು ಮುಸಿಮುಸಿ ನಗುತ್ತಾರೆ. ಭರತದ ಹೊತ್ತನ್ನು ಹಿಂದಿನ ದಿನವೇ ಕೇಳಿಕೊಂಡು, ಸಾಧ್ಯವಾದರೆ ಬೆಳಗಿನ ತಂಪಿನಲ್ಲಿ ಹೊರಡಿ. ಹಾಯಿದೋಣಿಯಲ್ಲಾದರೆ ಗಾಳಿಯ ಮರ್ಜಿಯಂತೆ ಅರ್ಧ ಗಂಟೆ, ಮೋಟಾರಿನದಾದರೆ ಅದಕ್ಕಿಂತ ಬೇಗ. ಅಲೆಯ ಅಂಜಿಕೆಯಿಲ್ಲದವರು ಹಾಯಿಯನ್ನೇ ಆರಿಸಿ. ಪಟ್ಟಣಕ್ಕೆ ಬಂದವರೆಲ್ಲ ಅದನ್ನು ನೋಡಿದ್ದು ಹಾಯಿಯ ವೇಗದಲ್ಲಿ.

ನೀರನ್ನು ಹೊತ್ತುಕೊಂಡೇ ಹೋಗಿ, ತಲೆಗೆ ಎರಡು ಲೀಟರಿಗೆ ಕಡಿಮೆಯಾಗದಂತೆ.

ದ್ವೀಪದಲ್ಲಿ: ಕೋಟೆಯನ್ನು ಕೊನೆಗಿಡಿ

ದೋಣಿ ಇಳಿಸುವುದು ಗೆರೆಜಾ ಎಂಬ ಕೋಟೆಯ ಮುಂದೆ. ಎಲ್ಲರೂ ಅಲ್ಲೇ ಶುರು ಮಾಡುತ್ತಾರೆ. ನನ್ನ ಸಲಹೆ, ಅದನ್ನು ದಾಟಿ ಮುಂದೆ ಹೋಗಿ. ಅದು ಈ ಊರಿನ ಅತಿ ಕಿರಿಯ ದೊಡ್ಡ ಕಟ್ಟಡ. 1505ರ ಪೋರ್ಚುಗೀಸ್ ಕೋಟೆಯ ಒಂದಷ್ಟು ಭಾಗವನ್ನು ಒಳಗಿಟ್ಟುಕೊಂಡು ಒಮಾನಿಗಳು ಸುಮಾರು 1800ರ ಹೊತ್ತಿಗೆ ಕಟ್ಟಿದ್ದು. ಕಥೆಯ ಕೊನೆಯ ಪುಟವನ್ನು ಮೊದಲೇ ಓದಿದರೆ ಏನು ಸ್ವಾರಸ್ಯ? ನೇರವಾಗಿ ದೊಡ್ಡ ಮಸೀದಿಗೆ ನಡೆಯಿರಿ.

ದಾರಿಯಲ್ಲಿ ಹೊಟ್ಟೆ ಉಬ್ಬಿದ ಬಾವೋಬಾಬ್ ಮರಗಳು ಸಿಗುತ್ತವೆ. ಸವಣೂರಿನ ದೊಡ್ಡಹುಣಸೆ ಮಠದಲ್ಲಿರುವ ಮರಗಳನ್ನು ನೋಡಿದವರು ಗುರುತು ಹಿಡಿಯುತ್ತಾರೆ; ಅವುಗಳ ತವರು ಆಫ್ರಿಕಾ. ನಡುವೆ ಗುಡಿಸಲು, ಮರಗೆಣಸಿನ ಹೊಲ, ಆಡುಗಳು. ಇದು ಈಗಲೂ ಜನರಿರುವ ಊರು. ಹಿರಿಯರು ಎದುರಾದರೆ ಶಿಕಮೂ ಎನ್ನಿ. ಅವರು ಮರಹಬಾ ಎಂದು ಉತ್ತರಿಸುತ್ತಾರೆ. ಈ ಒಂದು ಮಾತಿನಿಂದ ಮುಖಗಳು ಅರಳುವ ಪರಿ ಬೇರೆ. ಕೇಳದೆ ಯಾರ ಚಿತ್ರವನ್ನೂ ತೆಗೆಯಬೇಡಿ, ಅಂಗಳಗಳೊಳಗೆ ನುಗ್ಗಬೇಡಿ.

ದೊಡ್ಡ ಮಸೀದಿಯಲ್ಲಿ ಮೊದಲು ಉತ್ತರದ ತುದಿಗೆ ಹೋಗಿ. ಇಲ್ಲಿಂದ ಮೆಕ್ಕಾ ಇರುವುದು ಉತ್ತರಕ್ಕೆ. ಆದ್ದರಿಂದ ಮಿಹ್ರಾಬ್ ಎಂಬ ಗೂಡು ಉತ್ತರದ ಗೋಡೆಯಲ್ಲಿದೆ. ಸೂರಿಲ್ಲದ ಈ ಚಿಕ್ಕ ಭಾಗವೇ ಅತ್ಯಂತ ಹಳೆಯದು, 11ನೇ ಶತಮಾನದಷ್ಟು ಹಿಂದಿನದು. ಈಗ ಹಿಂದಿರುಗಿ ದಕ್ಷಿಣಕ್ಕೆ ನೋಡಿ. ಕಂಬಗಳ ಸಾಲು, ಅವುಗಳ ಮೇಲೆ ಕಮಾನು, ಕಮಾನಿನ ಮೇಲೆ ಗುಮ್ಮಟ. ಊರು ಚಿನ್ನದಲ್ಲಿ ಬಲಿತಾಗ, 14ನೇ ಶತಮಾನದ ಮೊದಲ ಭಾಗದಲ್ಲಿ, ಅಲ್-ಹಸನ್ ಇಬ್ನ್ ಸುಲೈಮಾನ್ ಮಸೀದಿಯನ್ನು ಈ ಕಡೆಗೆ ಹಲವು ಪಟ್ಟು ಬೆಳೆಸಿದ. ಆ ಕಟ್ಟಡ ಕುಸಿಯಿತು. ಬಹುಕಾಲ ಹಾಗೆಯೇ ಬಿದ್ದಿದ್ದು, 15ನೇ ಶತಮಾನದಲ್ಲಿ ಮತ್ತೆ ಎದ್ದು ನಿಂತಿತು. ನೀವು ನೋಡುವ ಎಂಟು ಮುಖದ ಕಂಬಗಳು ಆಗಿನವು. ಎರಡು ಕಾಲದ ಸಿರಿತನವನ್ನೂ ನಡುವಿನ ಬಡತನವನ್ನೂ ಒಂದೇ ಕಟ್ಟಡದಲ್ಲಿ ನಡೆದು ಅಳೆಯಬಹುದು. ಮಸೀದಿಗಳಿಗೆ ರೂಢಿಯಾಗಿ ಇರುವ ತೆರೆದ ಅಂಗಳ ಇಲ್ಲಿಲ್ಲ ಎಂಬುದನ್ನೂ ಗಮನಿಸಿ. ಆಗ್ನೇಯ ಮೂಲೆಯಲ್ಲಿ ದೊಡ್ಡ ಗುಮ್ಮಟದ ಕೋಣೆಯಿದೆ. 19ನೇ ಶತಮಾನದವರೆಗೂ ಪೂರ್ವ ಆಫ್ರಿಕಾದಲ್ಲಿ ಅದಕ್ಕಿಂತ ದೊಡ್ಡ ಗುಮ್ಮಟ ಇರಲಿಲ್ಲ.

ಇಲ್ಲಿ ಸ್ವಲ್ಪ ಹೊತ್ತು ನಿಂತು ಗೋಡೆಗೆ ಮುಖ ಹತ್ತಿರ ತನ್ನಿ. ಟಾರ್ಚು ಬೇಕಾಗುವುದು ಈಗ. ಬೆಳಕನ್ನು ಗೋಡೆಯ ಮಗ್ಗುಲಿನಿಂದ ಬೀಳುವಂತೆ ಹಿಡಿಯಿರಿ. ಗಾರೆ ಉದುರಿದ ಕಡೆ ಎರಡು ಬಗೆಯ ಕಲ್ಲು ಕಾಣುತ್ತದೆ. ಒಂದು ಬೂದು ಬಣ್ಣದ, ತೂತುತೂತಿನ, ಅಡ್ಡಾದಿಡ್ಡಿ ಕಲ್ಲು. ಅದರಲ್ಲಿ ಚಿಪ್ಪು, ಹವಳದ ಕೊಂಬೆಗಳ ಗುರುತು ಸಿಕ್ಕಿಕೊಂಡಿರುತ್ತದೆ. ಅದು ನೆಲದ ಮೇಲಿನ ಪುರಾತನ ಹವಳಬಂಡೆ, ಗೋಡೆ ತುಂಬಲು ಬಳಸಿದ್ದು. ಇನ್ನೊಂದು ತಿಳಿಬಣ್ಣದ್ದು, ಸೂಜಿಯಿಂದ ಚುಚ್ಚಿದಂತೆ ಒತ್ತೊತ್ತಾಗಿ ಸಣ್ಣ ರಂಧ್ರಗಳಿರುವುದು. ಬಾಗಿಲಿನ ನಿಲುವು, ಕಮಾನಿನ ಅಂಚು, ಮಿಹ್ರಾಬಿನ ಕೆತ್ತನೆ ಇರುವಲ್ಲಿ ಮಾತ್ರ ಅದು ಸಿಗುತ್ತದೆ. ಇದು ಕಡಲೊಳಗಿನಿಂದ ಜೀವಂತವಾಗಿಯೇ ಕಡಿದು ತಂದ ಹವಳ. ಹಸಿಯಾಗಿದ್ದಾಗ ಮೆತ್ತಗಿರುತ್ತದೆ, ಉಳಿ ಹೇಳಿದಂತೆ ಕೇಳುತ್ತದೆ. ಒಣಗಿದ ಮೇಲೆ ಗಟ್ಟಿ. ಆರು ಶತಮಾನಗಳ ಉಪ್ಪುಗಾಳಿಯ ನಂತರವೂ ಅಂಚುಗಳ ಚೂಪು ಉಳಿದಿರುವುದು ಅದಕ್ಕೆ. ಇವೆರಡನ್ನೂ ಬೆಸೆದ ಸುಣ್ಣವೂ ಹವಳವನ್ನೇ ಕಟ್ಟಿಗೆಯ ರಾಶಿಯ ಮೇಲೆ ಸುಟ್ಟು ಮಾಡಿದ್ದು. ಕಲ್ಲು, ಗಾರೆ, ಕೆತ್ತನೆ ಎಲ್ಲವೂ ಕಡಲಿನದೇ. ಮುಟ್ಟಿ ನೋಡುವ ಆಸೆಯನ್ನು ಬೆರಳ ತುದಿಗೆ ಸೀಮಿತಗೊಳಿಸಿ. ಗೋಡೆ ಹತ್ತುವುದಂತೂ ಕೂಡದು. ಶಿಥಿಲತೆಯ ಕಾರಣಕ್ಕೆ 2004ರಿಂದ 2014ರವರೆಗೆ ಈ ತಾಣ ಅಪಾಯದಲ್ಲಿರುವ ಪರಂಪರೆಗಳ ಪಟ್ಟಿಯಲ್ಲಿತ್ತು.

ಮಸೀದಿಯ ದಕ್ಷಿಣಕ್ಕೆ ಅಂಟಿಕೊಂಡಿರುವ ದೊಡ್ಡ ಮನೆಯಲ್ಲಿ ಕೋಣೆಗಳ ಅಗಲವನ್ನು ಹೆಜ್ಜೆಯಲ್ಲಿ ಅಳೆಯಿರಿ. ಉದ್ದ ಎಷ್ಟೇ ಇರಲಿ, ಅಗಲ ಎರಡೂವರೆ, ಮೂರು ಮೀಟರಿನ ಆಸುಪಾಸಿನಲ್ಲೇ ನಿಲ್ಲುತ್ತದೆ. ಮಾಳಿಗೆಗೆ ಹಾಕುತ್ತಿದ್ದ ಕಾಂಡ್ಲಾ ಮರದ ಜಂತೆ ಅಷ್ಟೇ ದೂರ ಚಾಚುತ್ತಿತ್ತು. ಈ ಸೂತ್ರ ತಿಳಿದರೆ ಸೂರು ಬಿದ್ದ ಎಲ್ಲ ಮನೆಗಳ ನಕ್ಷೆಯೂ ಸುಲಭವಾಗಿ ಅರ್ಥವಾಗುತ್ತದೆ.

ಅಲ್ಲಿಂದ ಚಿಕ್ಕ ಗುಮ್ಮಟದ ಮಸೀದಿ ಹತ್ತಿರ. 15ನೇ ಶತಮಾನದ್ದು, ಕಿಲ್ವಾದಲ್ಲಿ ಹೆಚ್ಚು ಇಡಿಯಾಗಿ ಉಳಿದಿರುವ ಕಟ್ಟಡಗಳಲ್ಲೊಂದು. ಒಂಬತ್ತು ಅಂಕಣ; ನಡುವಿನ ಗುಮ್ಮಟದ ಮೇಲೆ ಎಂಟು ಮುಖದ ಒಂದು ಕಂಬ. ಒಳಗೆ ಹೋಗಿ ತಲೆ ಎತ್ತಿ ನೋಡಿ: ಸೂರಿನ ಗಾರೆಯಲ್ಲಿ ಹೊಳಪು ಲೇಪದ ಬಟ್ಟಲುಗಳನ್ನು ಹುದುಗಿಸಿದ್ದರು. ಹಲವು ಕಡೆ ಬಟ್ಟಲು ಹೋಗಿ ದುಂಡನೆಯ ಗುಳಿ ಉಳಿದಿದೆ. ಕಡಲಾಚೆಯಿಂದ ಬಂದ ಪಾತ್ರೆಯನ್ನು ಊಟಕ್ಕೆ ಬಳಸದೆ ಸೂರಿಗೆ ಅಂಟಿಸುವಷ್ಟು ಹಣ ಇವರಲ್ಲಿತ್ತು, ನೋಡುವವರು ನೋಡಲಿ ಎಂಬ ಆಸೆಯೂ ಇತ್ತು.

ಜಂಗ್ವಾನಿ ಮಸೀದಿ ಪೂರಾ ಹಾಳು. ಕಾಲು ತೊಳೆಯುವ ಜಾಗದಲ್ಲಿ ಗೋಡೆಗೆ ಸೇರಿಸಿದ್ದ ನೀರಿನ ಮಡಕೆಗಳ ಗುರುತು ನೋಡಲು ಐದು ನಿಮಿಷ ಸಾಕು. ದಡದ ಪಕ್ಕದ ಮಕುತಾನಿ 18ನೇ ಶತಮಾನದ ಅರಸರ ಮನೆ, ಮುಕ್ಕೋನದ ಪೌಳಿಯೊಳಗಿದೆ. ಆಗಲೇ ಹೇಳಿದ ಗುಲಾಮರ ಒಪ್ಪಂದದ ಶತಮಾನದ್ದು. ಕಡಲು ಇದರ ಬುಡವನ್ನು ತಿನ್ನುತ್ತಿದೆ.

ಹುಸುನಿ ಕುಬ್ವಾ

ದಿನದ ಮುಖ್ಯ ಭಾಗ ಇದು, ಆದರೆ ಬಹಳ ಜನ ತಪ್ಪಿಸಿಕೊಳ್ಳುವುದೂ ಇದನ್ನೇ. ಪೂರ್ವಕ್ಕೆ ಸುಮಾರು ಒಂದೂವರೆ ಕಿ.ಮೀ. ದೂರದಲ್ಲಿ, ಕಡಲ ಮೇಲೆ ಚಾಚಿದ ದಿಬ್ಬದಲ್ಲಿದೆ. ಹೊಲ, ಪೊದೆಗಳ ನಡುವಿನ ಕಾಲುದಾರಿ. ಉದ್ದ ಪ್ಯಾಂಟು ಇರಲಿ. ಭರತವಿದ್ದರೆ ದೋಣಿಯಲ್ಲೇ ಸುತ್ತಿಕೊಂಡು ಬಂದು ಕೆಳಗಿನ ದಡದಿಂದ ಹತ್ತಬಹುದು. ನಡೆದು ಹೋಗಿ, ದೋಣಿಯನ್ನು ಅಲ್ಲಿಗೆ ತರಿಸಿಕೊಂಡು ಮರಳುವುದು ಉತ್ತಮ, ನೀರು ಒಪ್ಪಿದರೆ.

ಕಟ್ಟಿಸಿದವನು ಅದೇ ಅಲ್-ಹಸನ್ ಇಬ್ನ್ ಸುಲೈಮಾನ್, 14ನೇ ಶತಮಾನದ ಮೊದಲ ಮೂರು ದಶಕಗಳಲ್ಲಿ; ಅವನ ಹೆಸರಿನ ಶಾಸನ ಇಲ್ಲಿ ಸಿಕ್ಕಿದೆ. ನೂರಕ್ಕೂ ಹೆಚ್ಚು ಕೋಣೆಗಳು. ಎತ್ತರದ ಗೋಡೆಗಳು ಹೆಚ್ಚಿಲ್ಲ, ಹಾಗಾಗಿ ಕಣ್ಣಿಗಿಂತ ಕಾಲಿನಿಂದ ನೋಡಬೇಕಾದ ಕಟ್ಟಡ. ದಕ್ಷಿಣದ ತುದಿಯಿಂದ ಒಳಬನ್ನಿ. ಮೊದಲು ಸಿಗುವ ವಿಶಾಲ ಅಂಗಳದ ಸುತ್ತ ಸಾಲುಕೋಣೆಗಳಿವೆ. ಸರಕು ಇಳಿಸಿ, ಇಟ್ಟು, ಎಣಿಸುವ ವ್ಯವಹಾರ ಇಲ್ಲಿ ನಡೆಯುತ್ತಿತ್ತೆಂದು ಪುರಾತತ್ವಜ್ಞರ ಅಂದಾಜು. ಉತ್ತರಕ್ಕೆ ಹೋದಂತೆ ಅಂಗಳಗಳು ಚಿಕ್ಕವಾಗುತ್ತವೆ, ಕೋಣೆಗಳು ಖಾಸಗಿಯಾಗುತ್ತವೆ. ಮೆಟ್ಟಿಲುಗಳು ಸುತ್ತುವರಿದ ತಗ್ಗಿನ ಅಂಗಳ, ಎಂಟು ಮೂಲೆಯ ಕೊಳ, ಕೊನೆಗೆ ದಿಬ್ಬದ ಅಂಚು, ಕೆಳಗೆ ನೀರು. ಬಂದರಿಗೆ ಬರುವ ಪ್ರತಿ ಹಡಗನ್ನೂ ಸುಲ್ತಾನ ಇಲ್ಲಿಂದಲೇ ನೋಡಬಹುದಿತ್ತು. ಒಂದೇ ಸೂರಿನಡಿ ಅರಮನೆ, ಮಂಡಿ. ಅರಸ ಮತ್ತು ವ್ಯಾಪಾರಿ ಬೇರೆ ಬೇರೆಯಲ್ಲದ ಊರಿಗೆ ಇದಕ್ಕಿಂತ ಒಪ್ಪುವ ನಕ್ಷೆ ಇರಲಾರದು.

ಇಷ್ಟೆಲ್ಲ ಮಾಡಿಯೂ ಕಟ್ಟಡ ಪೂರ್ತಿಯಾಗಲಿಲ್ಲ. ಸ್ವಲ್ಪ ಕಾಲ ಬಳಕೆಯಲ್ಲಿದ್ದು ಬಿಟ್ಟುಹೋಯಿತು. ಇಬ್ನ್ ಬತೂತ ಬಂದದ್ದು ಈ ಅರಮನೆಯ ಕಾಲದಲ್ಲೇ, ಆದರೂ ಅವನ ಬರಹದಲ್ಲಿ ಕಿಲ್ವಾ ಮರದಿಂದ ಕಟ್ಟಿದ ಚೆಂದದ ಊರು. ಕಲ್ಲಿನ ಮಾತೇ ಇಲ್ಲ. ಮರೆತನೋ, ಬರೆದುಕೊಂಡವನು ತಪ್ಪಿದನೋ, ಆಗ ಊರಿನ ಬಹುಪಾಲು ನಿಜಕ್ಕೂ ಮರ, ಮಣ್ಣಿನದೇ ಇತ್ತೋ, ವಿದ್ವಾಂಸರು ಇನ್ನೂ ಚರ್ಚಿಸುತ್ತಿದ್ದಾರೆ. ನನಗೆ ಕೊನೆಯದೇ ಸರಿಯೆನಿಸುತ್ತದೆ. ಕಲ್ಲುಮನೆ ಕೆಲವರಿಗೆ, ಉಳಿದವರ ಗುಡಿಸಲುಗಳು ಮಣ್ಣಿಗೆ ಸೇರಿದವು.

ಪಕ್ಕದ ಹುಸುನಿ ಎನ್‌ಡೋಗೊ ಆಯತಾಕಾರದ ದೊಡ್ಡ ಪೌಳಿ, ಗೋಡೆಗುಂಟ ಬುರುಜುಗಳು. ಏತಕ್ಕಾಗಿ ಕಟ್ಟಿದರೆಂಬ ಬಗ್ಗೆ ಒಮ್ಮತವಿಲ್ಲ. ಪೊದೆ ಬೆಳೆದಿದ್ದರೆ ಹೊರಗಿನಿಂದಲೇ ನೋಡಿ ಬನ್ನಿ.

ಮರಳುವಾಗ ಇಳಿತದ ಹೊತ್ತಾಗಿದ್ದರೆ ದಡದ ಮರಳನ್ನು ನೋಡುತ್ತಾ ನಡೆಯಿರಿ. ಬೋಕಿಗಳು ಹೆಜ್ಜೆಗೊಂದು. ಒರಟು, ಕೆಂಪುಕಂದು, ಉಗುರಿನಲ್ಲಿ ಒತ್ತಿದಂಥ ಗೀರುಗಳಿರುವವು ಇಲ್ಲಿಯದೇ ಅಡುಗೆ ಮಡಕೆಯವು. ತೆಳುವಾಗಿ, ಕೆಸರಿನ ನಡುವೆಯೂ ಪಾಚಿಹಸಿರಾಗಿ ಹೊಳೆಯುವುದು ಚೀನಾದ ಪಿಂಗಾಣಿಯ ಚೂರಿರಬಹುದು. ಬಗ್ಗಿ ನೋಡಿ, ಚಿತ್ರ ತೆಗೆದುಕೊಳ್ಳಿ, ಅಲ್ಲೇ ಬಿಡಿ. ಜೇಬಿಗೆ ಹಾಕುವುದು ಕಾನೂನಿನ ಪ್ರಕಾರ ಅಪರಾಧ. ಮಕ್ಕಳು ನಾಣ್ಯವೋ ಮಣಿಯೋ ತಂದು ಮಾರಲು ಬಂದರೂ ಕೊಳ್ಳಬೇಡಿ. ಒಬ್ಬರು ಕೊಂಡರೆ ಮರುದಿನ ಹತ್ತು ಕಡೆ ನೆಲ ಅಗೆಯುತ್ತಾರೆ.

ಈಗ ಗೆರೆಜಾ. ಚೌಕ ಕೋಟೆ, ಮೂಲೆಯ ಬುರುಜುಗಳು, ಕೆತ್ತನೆಯ ಬಾಗಿಲು. ದೋಣಿ ಬರುವವರೆಗೆ ಕೂರಲು ಅದರ ನೆರಳು ಚೆನ್ನಾಗಿದೆ.

ಇನ್ನೊಂದು ದಿನವಿದ್ದರೆ ಸೊಂಗೊ ಮ್ನಾರ

ನನ್ನನ್ನು ಕೇಳಿದರೆ ಆ ಒಂದು ದಿನವನ್ನು ಹೇಗಾದರೂ ಹೊಂದಿಸಿಕೊಳ್ಳಿ. ದಕ್ಷಿಣಕ್ಕೆ ಬೇರೆ ದ್ವೀಪ, ಮೋಟಾರು ದೋಣಿ ಬೇಕು, ಬಾಡಿಗೆ ಹೆಚ್ಚು. ನಾಲ್ಕೈದು ಜನ ಸೇರಿಕೊಂಡರೆ ಹಗುರ. ಕಾಂಡ್ಲಾ ಕಾಡಿನ ನಡುವೆ ಇಳಿಯಬೇಕು. ಭರತದ ಲೆಕ್ಕ ಇಲ್ಲಿ ಇನ್ನೂ ಬಿಗಿ. ಅನುಮತಿಯಲ್ಲಿ ಈ ದ್ವೀಪದ ಹೆಸರೂ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಈ ಊರು 14ನೇ ಶತಮಾನದ ಕೊನೆಗೆ ಹುಟ್ಟಿ 16ನೇ ಶತಮಾನದ ಹೊತ್ತಿಗೆ ಬಿಟ್ಟುಹೋಯಿತು. ಮತ್ತೆ ಯಾರೂ ಅದರ ಮೇಲೆ ದೊಡ್ಡದಾಗಿ ಕಟ್ಟಲಿಲ್ಲ. ಹಾಗಾಗಿ ಕಿಲ್ವಾದಲ್ಲಿ ಅರಸರು ಕಂಡರೆ ಇಲ್ಲಿ ಗೃಹಸ್ಥರು ಕಾಣುತ್ತಾರೆ: ಮೆಟ್ಟಿಲಿರುವ ತಗ್ಗಿನ ಅಂಗಳ, ಅದಕ್ಕೆ ತೆರೆದ ಉದ್ದನೆಯ ಪಡಸಾಲೆ, ಅದರ ಹಿಂದೆ ಒಂದರೊಳಗೊಂದು ಕತ್ತಲೆ ಕೋಣೆಗಳು, ಗೋಡೆಯಲ್ಲಿ ಗೂಡುಗಳು. ಅತಿಥಿ ಎಲ್ಲಿಯವರೆಗೆ ಬರಬಹುದು, ಮನೆಯವರು ಎಲ್ಲಿಂದಾಚೆ ಎಂಬುದನ್ನು ಬಾಗಿಲುಗಳೇ ಹೇಳುತ್ತವೆ. ಮನೆಗಳ ನಡುವೆ ಬಯಲು, ಅದರಲ್ಲಿ ಗೋರಿಗಳು. 2009ರಿಂದ ನಡೆದ ಅಗೆತದಲ್ಲಿ ಗೋರಿಗಳ ಬಳಿ ಬಿಳಿ ಬೆಣಚುಕಲ್ಲಿನ ಹರಳುಗಳು, ನಾಣ್ಯಗಳು ಸಿಕ್ಕವು. ಸತ್ತವರ ಬಳಿಗೆ ಬಂದುಹೋಗುವವರು ಇಟ್ಟದ್ದು. ಆ ಬಯಲಿನಲ್ಲಿ ಕುಳಿತು ಬುತ್ತಿ ಬಿಚ್ಚಬೇಡಿ; ಊಟಕ್ಕೆ ದಡಕ್ಕೆ ಬನ್ನಿ.

ಮರಳುವ ದಾರಿ

ಅರ್ಧ ದಿನ ಉಳಿದರೆ ಕಿವಿಂಜೆಯಲ್ಲಿ ಇಳಿಯಿರಿ. 19ನೇ ಶತಮಾನದಲ್ಲಿ ಕಿಸಿವಾನಿ ಖಾಲಿಯಾದಂತೆ ವ್ಯಾಪಾರ ಹೋದದ್ದು ಅಲ್ಲಿಗೆ. ಗುಲಾಮರ ಸಾಲುಗಳು ಒಳನಾಡಿನಿಂದ ನಡೆದು ಬಂದು ಮುಟ್ಟುತ್ತಿದ್ದುದೂ ಅಲ್ಲಿಗೇ. ಕೆತ್ತನೆ ಬಾಗಿಲಿನ ಪಾಳುಬಿದ್ದ ಅಂಗಡಿಮನೆಗಳು, ಕಡಲಿಗೆ ಮುಖ ಮಾಡಿದ ಜರ್ಮನ್ ಕಾಲದ ಆಡಳಿತ ಕಚೇರಿ ಇವೆ. ಜರ್ಮನರನ್ನು ಎದುರಿಸಿದ ಹಸನ್ ಬಿನ್ ಒಮಾರಿ ಮಕುಂಗಾನ್ಯಾನನ್ನು 1895ರಲ್ಲಿ ಗಲ್ಲಿಗೇರಿಸಿದ್ದು ಈ ಊರಿನಲ್ಲೇ.

ಮಸೋಕೊದಿಂದ ದಾರ್‌ಗೆ ನೇರ ಬಸ್ಸುಗಳು ಮುಂಜಾನೆಯೇ ಹೊರಟುಬಿಡುತ್ತವೆ. ಕಿವಿಂಜೆ ನೋಡುವವರಿಗೆ ಅವು ಸಿಗುವುದಿಲ್ಲ. ಮಧ್ಯಾಹ್ನದೊಳಗೆ ನಂಗುರುಕುರು ಕವಲಿಗೆ ಬಂದು, ಲಿಂಡಿ, ಮ್ತ್ವಾರ ಕಡೆಯಿಂದ ಬರುವ ಬಸ್ಸಿಗೆ ಕೈ ತೋರಿಸಿ. ಸೀಟು ಆರಿಸಿಕೊಳ್ಳುವ ಅವಕಾಶವಿದ್ದರೆ ಬಲಬದಿಯ ಕಿಟಕಿ ಹಿಡಿಯಿರಿ. ಉತ್ತರಕ್ಕೆ ಹೋಗುವ ಬಸ್ಸಿನ ಎಡಬದಿಗೆ ಸಂಜೆಯವರೆಗೂ ಬಿಸಿಲು ಬಿಡುವುದಿಲ್ಲ.